ಹೊಸ ಕಾರಿನ ಬೆಲೆ ಇಳಿಯುವ ಬಗೆ: ವರ್ತಕರು ತಿಳಿದಿರಬೇಕಾದ ಲೆಕ್ಕ

ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯಲ್ಲಿ (ಹಾಸನ ಜಿಲ್ಲೆಯದಲ್ಲ, ಉಚ್ಚಂಗಿದುರ್ಗದ ಕಡೆಯದು) ಸಿಮೆಂಟು, ಕಬ್ಬಿಣ ಹಾಗೂ ಹಾರ್ಡ್‌ವೇರ್ ವ್ಯಾಪಾರ ನಡೆಸುವ ಕಕ್ಷಿದಾರರೊಬ್ಬರು 2025ರ ಅಕ್ಟೋಬರ್ ಮೊದಲ ವಾರದಲ್ಲಿ ನನ್ನ ಕಚೇರಿಗೆ ಬಂದಿದ್ದರು. ಕೈಯಲ್ಲಿ ಕಾರಿನ ಶೋರೂಮಿನವರು ಕೊಟ್ಟ ದರಪಟ್ಟಿ ಇತ್ತು. "ಸಾಹೇಬ್ರೇ, ಜಿಎಸ್‌ಟಿ ಇಳಿದೈತಿ. ಪಾಡ್ಯಕ್ಕ ಹೊಸ ಗಾಡಿ ತರಬೇಕಂತ ಮಾಡೀನಿ. ಹೆಂಗೂ ಇನ್‌ಕಮ್ ಟ್ಯಾಕ್ಸಿನಾಗ ಉಳೀತೈತಲ್ಲ?" ಎಂದರು. ಈ ಮಾತಿನ ಕೊನೆಯ ಭಾಗವನ್ನು ವೃತ್ತಿಗೆ ಬಂದಾಗಿನಿಂದ ಪ್ರತಿ ದೀಪಾವಳಿಯಲ್ಲಿಯೂ ಕೇಳುತ್ತಾ ಬಂದಿದ್ದೇನೆ. ನಮ್ಮ ಸದಸ್ಯರಲ್ಲಿ ಅನೇಕರಿಗೆ ಇದೇ ಭಾವನೆ ಇರುವುದರಿಂದ, ಅಂದು ಅವರ ಮುಂದೆ ಹಾಳೆಯ ಮೇಲೆ ಬರೆದು ತೋರಿಸಿದ ಲೆಕ್ಕವನ್ನೇ ಇಲ್ಲಿ ವಿಸ್ತರಿಸಿ ಕೊಡುತ್ತಿದ್ದೇನೆ.

ದರಪಟ್ಟಿಯ ವಿವರ ಹೀಗಿತ್ತು. ಶೋರೂಂ ಬೆಲೆ 8,00,000 ರೂಪಾಯಿ. ಉಪಕರವೂ ಸೇರಿ ರಾಜ್ಯದ ಜೀವಿತಾವಧಿ ತೆರಿಗೆ ಸುಮಾರು 1,24,000. ನೋಂದಣಿ, ನಂಬರ್ ಪ್ಲೇಟ್, ಫಾಸ್ಟ್ಯಾಗ್, ಸೀಟಿನ ಹೊದಿಕೆ ಇತ್ಯಾದಿ 16,000. ವಿಮೆ 35,000. ಒಟ್ಟು 9,75,000 ರೂಪಾಯಿ. ಇದರಲ್ಲಿ 8,00,000 ರೂಪಾಯಿಗೆ ಶೇ. 9ರ ಬಡ್ಡಿಯಲ್ಲಿ ಏಳು ವರ್ಷದ ಸಾಲ. ಉಳಿದ 1,75,000 ರೂಪಾಯಿಯನ್ನು ಅಂಗಡಿಯ ಓವರ್‌ಡ್ರಾಫ್ಟ್ ಖಾತೆಯಿಂದ ತೆಗೆಯುವುದೆಂದು ಅವರ ಆಲೋಚನೆ. ಮಳೆ ನಿಂತು ಮನೆ ಕಟ್ಟುವ ಕೆಲಸಗಳು ಆರಂಭವಾಗುವ ಹೊತ್ತಿಗೆ, ಅಂದರೆ ಕಬ್ಬಿಣ, ಸಿಮೆಂಟಿನ ದಾಸ್ತಾನಿಗೆ ಹಣ ಬೇಕಾದ ಹೊತ್ತಿಗೆ, ದುಡಿಯುವ ಬಂಡವಾಳದಿಂದ ಈ ಮೊತ್ತ ಹೊರಗೆ ಹೋಗುತ್ತಿತ್ತು. ನನಗೆ ಚಿಂತೆಯಾದದ್ದು ಇದೇ.

ಒಂದು ಕಾರಿಗೆ ಮೂರು ಬೆಲೆ

ವಾಹನವೊಂದಕ್ಕೆ ಏಕಕಾಲದಲ್ಲಿ ಮೂರು ಮೌಲ್ಯಗಳಿರುತ್ತವೆ. ವಿಮಾ ಕಂಪನಿ ಒಪ್ಪುವ ಮೌಲ್ಯ ಒಂದು, ಲೆಕ್ಕಪುಸ್ತಕದಲ್ಲಿ ಉಳಿದಿರುವ ಮೌಲ್ಯ ಇನ್ನೊಂದು, ಮಾರುಕಟ್ಟೆಯಲ್ಲಿ ಕೈಗೆ ಬರುವ ಬೆಲೆ ಮತ್ತೊಂದು. ಮೂರೂ ಇಳಿಯುತ್ತವೆ, ಆದರೆ ಒಂದೇ ವೇಗದಲ್ಲಿ ಇಳಿಯುವುದಿಲ್ಲ. ಇವುಗಳನ್ನು ಒಂದಕ್ಕೊಂದು ಬೆರೆಸಿ ನೋಡುವುದರಿಂದಲೇ ವ್ಯಾಪಾರಿಗಳು ಲೆಕ್ಕ ತಪ್ಪುತ್ತಾರೆ.

ಮೊದಲು ವಿಮೆಯ ಮೌಲ್ಯ. 2002ರಲ್ಲಿ ಜಾರಿಗೆ ಬಂದ ಮೋಟಾರು ವಿಮಾ ದರಪಟ್ಟಿಯಲ್ಲಿ ವಾಹನದ ವಯಸ್ಸಿಗೆ ತಕ್ಕಂತೆ ಸವಕಳಿಯ ಹಂತಗಳನ್ನು ನಿಗದಿಪಡಿಸಲಾಯಿತು. ವಿಮೆದಾರರು ಇಂದಿಗೂ ಅದನ್ನೇ ಆಧಾರವಾಗಿ ಇಟ್ಟುಕೊಳ್ಳುವುದು ರೂಢಿ. ಆರು ತಿಂಗಳವರೆಗೆ ಶೇ. 5, ಆರು ತಿಂಗಳಿಂದ ಒಂದು ವರ್ಷದವರೆಗೆ ಶೇ. 15, ಒಂದರಿಂದ ಎರಡು ವರ್ಷಕ್ಕೆ ಶೇ. 20, ಎರಡರಿಂದ ಮೂರಕ್ಕೆ ಶೇ. 30, ಮೂರರಿಂದ ನಾಲ್ಕಕ್ಕೆ ಶೇ. 40, ನಾಲ್ಕರಿಂದ ಐದಕ್ಕೆ ಶೇ. 50. ಐದು ವರ್ಷ ದಾಟಿದ ಮೇಲೆ ಮೌಲ್ಯವನ್ನು ವಿಮೆದಾರರೂ ವಾಹನದ ಮಾಲೀಕರೂ ಮಾತನಾಡಿ ಒಪ್ಪಿಕೊಳ್ಳಬೇಕು.

ಇಲ್ಲಿ ಗಮನಿಸಬೇಕಾದುದು, ಈ ಶೇಕಡಾ ಲೆಕ್ಕ ನಾವು ಕೊಟ್ಟ ಒಟ್ಟು ಹಣದ ಮೇಲಲ್ಲ, ಶೋರೂಂ ಬೆಲೆಯ ಮೇಲೆ ಮಾತ್ರ. ಜೀವಿತಾವಧಿ ತೆರಿಗೆ, ನೋಂದಣಿ, ವಿಮಾ ಕಂತು ಇವು ಯಾವುವೂ ಅದರಲ್ಲಿ ಸೇರುವುದಿಲ್ಲ. ಆದ್ದರಿಂದ 9,75,000 ಕೊಟ್ಟು ತಂದ ಕಾರಿಗೆ ಮೊದಲ ದಿನವೇ ವಿಮೆಯ ಮೌಲ್ಯ 7,60,000. ಕಾರು ಇನ್ನೂ ಊರಿನ ದೇವಸ್ಥಾನದ ಮುಂದೆ ಪೂಜೆಗೆ ನಿಂತಿರುವಾಗಲೇ 2,15,000 ರೂಪಾಯಿಗಳ ಅಂತರ ಬಿದ್ದಿರುತ್ತದೆ. ಎರಡನೆಯ ವರ್ಷದಲ್ಲಿ 6,40,000, ಮೂರನೆಯದರಲ್ಲಿ 5,60,000, ನಾಲ್ಕನೆಯದರಲ್ಲಿ 4,80,000, ಐದನೆಯದರಲ್ಲಿ 4,00,000. ಹೆಚ್ಚಿನ ಕಂತು ಕಟ್ಟಿ ಬಿಲ್ಲಿನ ಮೊತ್ತವೇ ದೊರೆಯುವಂತಹ ಪೂರಕ ರಕ್ಷಣೆ ಪಡೆದವರ ವಿಷಯ ಬೇರೆ. ಅಪಘಾತದಲ್ಲಿ ಬಿಡಿಭಾಗ ಬದಲಾಯಿಸುವಾಗಲೂ ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿಗಳಿಗೆ ಶೇ. 50 ಕಡಿತ ಮಾಡುವ ನಿಯಮವಿದೆ. ತಂದ ವಾರವೇ ಬಂಪರ್ ಮುರಿದರೂ ಅರ್ಧ ಹಣ ನಮ್ಮದೇ. ಸುಗ್ಗಿಯ ಕಾಲದಲ್ಲಿ ಮೆಕ್ಕೆಜೋಳ ತುಂಬಿದ ಟ್ರ್ಯಾಕ್ಟರುಗಳ ನಡುವೆ ಗಾಡಿ ಓಡಿಸುವ ನಮ್ಮ ಭಾಗದವರು 'ಜೀರೋ ಡೆಪ್ರಿಸಿಯೇಷನ್' ಪೂರಕ ರಕ್ಷಣೆಯನ್ನು ಮೊದಲ ಐದು ವರ್ಷ ಬಿಡಬಾರದೆಂಬುದು ನನ್ನ ಅಭಿಪ್ರಾಯ.

ಮಾರುಕಟ್ಟೆ ಏಕೆ ಇಷ್ಟು ಕಠಿಣ?

ಒಂದು ತಿಂಗಳು ಓಡಿದ ಕಾರಿನ ಇಂಜಿನ್ ಸವೆದಿರುವುದಿಲ್ಲ. ಆದರೂ ಅದನ್ನು ಯಾರೂ ಹೊಸ ಕಾರಿನ ಬೆಲೆಗೆ ಕೊಳ್ಳುವುದಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಇದೇ ಪ್ರಶ್ನೆಯನ್ನು ಎತ್ತಿಕೊಂಡರು. 2001ರಲ್ಲಿ ಅವರಿಗೆ ಇನ್ನಿಬ್ಬರೊಡನೆ ನೊಬೆಲ್ ಪ್ರಶಸ್ತಿ ಬಂದದ್ದು ಈ ಬಗೆಯ ವಿಚಾರಕ್ಕೇ. ಕಾರಿನ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. 'ಒಳ್ಳೆಯ ಗಾಡಿಯಾಗಿದ್ದರೆ ಇಷ್ಟು ಬೇಗ ಏಕೆ ಮಾರುತ್ತಿದ್ದಾನೆ?' ಎಂಬ ಅನುಮಾನಕ್ಕೆ ಒಂದು ಬೆಲೆಯಿದೆ, ಆ ಬೆಲೆಯನ್ನು ಮಾರುವವನೇ ತೆರಬೇಕು. ದನದ ಸಂತೆಯಲ್ಲಿ ಎತ್ತಿನ ಹಲ್ಲು ಹಿಡಿದು ನೋಡುವ ನಮ್ಮ ರೈತರಿಗೆ ಈ ಸಿದ್ಧಾಂತವನ್ನು ಯಾರೂ ಕಲಿಸಬೇಕಾಗಿಲ್ಲ.

ಎಲ್ಲ ಕಾರುಗಳೂ ಸಮನಾಗಿ ಇಳಿಯುವುದಿಲ್ಲ ಎಂಬುದೂ ಅಷ್ಟೇ ನಿಜ. ನಮ್ಮ ಬಿಡದಿಯಲ್ಲಿ ತಯಾರಾಗುವ ಇನ್ನೋವಾ 2005ರಿಂದಲೂ ಹಳೆಯ ಗಾಡಿಗಳ ಪೇಟೆಯಲ್ಲಿ ಬೆಲೆ ಉಳಿಸಿಕೊಂಡು ಬಂದಿದೆ. ಹಳ್ಳಿಯ ಮೆಕ್ಯಾನಿಕ್ ಕೂಡ ರಿಪೇರಿ ಮಾಡಬಲ್ಲ, ಬಿಡಿಭಾಗ ದಾವಣಗೆರೆಯಲ್ಲಿ ಅದೇ ದಿನ ಸಿಗುವಂಥ ಮಾರುತಿಯ ಸಣ್ಣ ಕಾರುಗಳ ಮಾತೂ ಅದೇ. ಇದಕ್ಕೆ ವಿರುದ್ಧವಾಗಿ, ಜನರಲ್ ಮೋಟಾರ್ಸ್ 2017ರಲ್ಲಿ ಷೆವರ್ಲೆ ಕಾರುಗಳ ಮಾರಾಟವನ್ನು ಭಾರತದಲ್ಲಿ ನಿಲ್ಲಿಸಿದಾಗ, ಫೋರ್ಡ್ 2021ರ ಸೆಪ್ಟೆಂಬರಿನಲ್ಲಿ ಇಲ್ಲಿಯ ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿದಾಗ, ಆ ಗಾಡಿಗಳನ್ನು ಇಟ್ಟುಕೊಂಡಿದ್ದವರು ತಮ್ಮದೇನೂ ತಪ್ಪಿಲ್ಲದೆ ನಷ್ಟ ಅನುಭವಿಸಿದರು. ಬಿಡಿಭಾಗ ಸಿಗುವುದೋ ಇಲ್ಲವೋ ಎಂಬ ಭಯವೇ ಬೆಲೆ ಬೀಳಿಸಲು ಸಾಕು.

ಸರ್ಕಾರದ ತೀರ್ಮಾನವೂ ಬೆಲೆಯನ್ನು ಏರಿಳಿಸುತ್ತದೆ. ಇಲ್ಲಿ ನನ್ನದೇ ಕಥೆ ಹೇಳಬೇಕು. 2025ರ ಜುಲೈಯಲ್ಲಿ ಮನೆಬಳಕೆಗೆಂದು ಒಂದು ಸಣ್ಣ ಪೆಟ್ರೋಲ್ ಕಾರು ಕೊಂಡೆ. ತೆರಿಗೆ ಸೇರುವ ಮೊದಲಿನ ಬೆಲೆ 5,00,000, ಅಂದಿನ ಶೇ. 28 ಜಿಎಸ್‌ಟಿ ಮತ್ತು ಶೇ. 1 ಪರಿಹಾರ ಉಪಕರ ಸೇರಿ 6,45,000. ಸೆಪ್ಟೆಂಬರ್ 3ರಂದು ಜಿಎಸ್‌ಟಿ ಮಂಡಳಿಯ 56ನೇ ಸಭೆ ಸಣ್ಣ ಕಾರುಗಳ ತೆರಿಗೆಯನ್ನು ಶೇ. 18ಕ್ಕೆ ಇಳಿಸಿತು, ದೊಡ್ಡ ಕಾರುಗಳಿಗೆ ಉಪಕರ ತೆಗೆದು ಶೇ. 40 ಎಂದಾಯಿತು. ಸೆಪ್ಟೆಂಬರ್ 22ರಿಂದ ಅದೇ ಕಾರಿನ ಲೆಕ್ಕ 5,90,000. ಎರಡು ತಿಂಗಳು ಕಾದಿದ್ದರೆ ಉಳಿಯುತ್ತಿದ್ದ 55,000 ರೂಪಾಯಿ ನನ್ನ ಕಾರಿನ ಮೌಲ್ಯದಿಂದ ಒಂದೇ ದಿನದಲ್ಲಿ ಕರಗಿತು. ಹೊಸದೇ 5,90,000ಕ್ಕೆ ಸಿಗುವಾಗ ಹಳೆಯದಕ್ಕೆ ಅದಕ್ಕಿಂತ ಹೆಚ್ಚು ಯಾರು ಕೊಟ್ಟಾರು? ಊರಿಗೆಲ್ಲ ತೆರಿಗೆಯ ಸಲಹೆ ಕೊಡುವವನಿಗೆ ಹೀಗಾಯಿತೆಂದು ಮನೆಯಲ್ಲಿ ಇಂದಿಗೂ ನಗುತ್ತಾರೆ.

ಸಾಲ ನಿಧಾನ, ಇಳಿಕೆ ಅವಸರ

ಮತ್ತೆ ನಮ್ಮ ಕಕ್ಷಿದಾರರ ದರಪಟ್ಟಿಗೆ ಬರೋಣ. 8,00,000 ರೂಪಾಯಿಗೆ ಶೇ. 9ರಂತೆ 84 ಕಂತುಗಳಾದರೆ ಮಾಸಿಕ ಕಂತು ಸುಮಾರು 12,870. ನಂತರದ ವರ್ಷಗಳಿಗಿಂತ ಮೊದಲ ವರ್ಷಗಳ ಕಂತಿನಲ್ಲಿ ಬಡ್ಡಿಯ ಪಾಲು ಹೆಚ್ಚು. ಒಂದು ವರ್ಷ ಕಟ್ಟಿದ ಮೇಲೂ ಸಾಲದ ಬಾಕಿ ಸುಮಾರು 7,14,000. ಆಗ ವಿಮೆಯ ಮೌಲ್ಯ 6,40,000. ಎರಡು ವರ್ಷಕ್ಕೆ ಬಾಕಿ 6,20,000, ಮೌಲ್ಯ 5,60,000. ಮೂರು ವರ್ಷಕ್ಕೆ 5,17,000 ಮತ್ತು 4,80,000. ನಾಲ್ಕು ವರ್ಷ ಮುಗಿದಾಗಲಷ್ಟೇ ಎರಡೂ ನಾಲ್ಕು ಲಕ್ಷದ ಹತ್ತಿರ ಒಂದನ್ನೊಂದು ಮುಟ್ಟುತ್ತವೆ. ಈ ನಡುವೆ ಕಾರು ಕಳುವಾದರೆ, ಅಥವಾ ರಿಪೇರಿಯ ವೆಚ್ಚ ವಿಮಾ ಮೌಲ್ಯದ ಶೇ. 75 ಮೀರಿ ಪೂರ್ಣ ನಷ್ಟವೆಂದು ತೀರ್ಮಾನವಾದರೆ, ವಿಮೆಯ ಹಣವೆಲ್ಲ ಬ್ಯಾಂಕಿಗೆ ಹೋಗಿ ಮೇಲೆ ಕೈಯಿಂದಲೂ ಕಟ್ಟಬೇಕಾಗುತ್ತದೆ. ಇದ್ದ ಕಾರೂ ಇಲ್ಲ, ಸಾಲವೂ ತೀರಲಿಲ್ಲ.

ಅದೇ ಸಾಲವನ್ನು ಐದು ವರ್ಷಕ್ಕೆ ಪಡೆದರೆ ಕಂತು ಸುಮಾರು 16,600 ಆಗುತ್ತದೆ. ತಿಂಗಳಿಗೆ 3,700 ರೂಪಾಯಿ ಹೆಚ್ಚು. ಆದರೆ ಎರಡು ವರ್ಷ ಮುಗಿಯುವ ವೇಳೆಗೆ ಬಾಕಿ 5,22,000ಕ್ಕೆ ಇಳಿದು, 5,60,000ದ ವಿಮಾ ಮೌಲ್ಯದ ಒಳಗೆ ಬಂದಿರುತ್ತದೆ. 16,600 ಕಟ್ಟಲು ಕಷ್ಟವೆನಿಸಿದರೆ ಆ ಕಾರು ನಮ್ಮ ಅಳತೆಗಿಂತ ದೊಡ್ಡದೆಂದು ತಿಳಿಯಬೇಕು. ಅವಧಿ ಉದ್ದ ಮಾಡುವುದರಿಂದ ಅಳತೆ ಸರಿಹೋಗುವುದಿಲ್ಲ.

ತೆರಿಗೆಯಲ್ಲಿ ಉಳಿಯುವುದೆಷ್ಟು?

ನಮ್ಮ ಕಕ್ಷಿದಾರರ ವಹಿವಾಟು ಎರಡು ಕೋಟಿಯ ಒಳಗಿದ್ದು, ಅವರು 1961ರ ಆದಾಯ ತೆರಿಗೆ ಕಾಯ್ದೆಯ 44ಎಡಿ ಕಲಮಿನಡಿ ಅಂದಾಜು ಲಾಭ ಘೋಷಿಸುತ್ತಾ ಬಂದವರು: ವಹಿವಾಟಿನ ಶೇ. 8, ಬ್ಯಾಂಕಿನ ಮೂಲಕ ಬಂದ ಭಾಗಕ್ಕೆ ಶೇ. 6. ಈ ಪದ್ಧತಿಯಲ್ಲಿ ಸವಕಳಿಯೂ ಸೇರಿದಂತೆ ಎಲ್ಲ ಖರ್ಚುಗಳನ್ನು ಈಗಾಗಲೇ ಕೊಟ್ಟಾಯಿತೆಂದೇ ಕಾಯ್ದೆ ಭಾವಿಸುತ್ತದೆ. ಹೀಗಾಗಿ ಎಂಟು ಲಕ್ಷದ ಕಾರು ತಂದರೂ ಎಂಬತ್ತು ಲಕ್ಷದ ಕಾರು ತಂದರೂ ಅವರ ತೆರಿಗೆಯಲ್ಲಿ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ. ಸಾಲದ್ದಕ್ಕೆ, ಸವಕಳಿ ಕೊಟ್ಟಿದ್ದೇವೆಂಬ ಲೆಕ್ಕದಲ್ಲಿ ಆಸ್ತಿಯ ಪುಸ್ತಕ ಮೌಲ್ಯ ಮಾತ್ರ ವರ್ಷವರ್ಷವೂ ಇಳಿಯುತ್ತದೆ. ಇದನ್ನು ಕೇಳಿ ಅವರು ದರಪಟ್ಟಿಯನ್ನು ಮಡಚಿ ಮೇಜಿನ ಮೇಲಿಟ್ಟರು.

ಪೂರ್ಣ ಲೆಕ್ಕಪುಸ್ತಕ ಇಡುವವರಿಗೆ ಸವಕಳಿ ದೊರೆಯುತ್ತದೆ. ಸ್ವಂತ ವ್ಯವಹಾರದ ಕಾರಿಗೆ ದರ ಶೇ. 15, ಅದೂ ಪ್ರತಿವರ್ಷ ಉಳಿದ ಶಿಲ್ಕಿನ ಮೇಲೆ. ಬಾಡಿಗೆಗೆ ಓಡಿಸುವ ಟ್ಯಾಕ್ಸಿ, ಲಾರಿಗಳಿಗೆ ಮಾತ್ರ ಶೇ. 30. ಸ್ವಂತ ಕಾರಿಗೂ ಶೇ. 30 ಇದೆಯೆಂದು ಈಗಲೂ ಕೆಲವರು ವಾದಿಸುವುದುಂಟು. ಅದು 2019ರ ಆಗಸ್ಟ್ 23ರಿಂದ 2020ರ ಮಾರ್ಚ್ 31ರೊಳಗೆ ಕೊಂಡು ಬಳಕೆಗೆ ತಂದ ವಾಹನಗಳಿಗೆ ಕೊಟ್ಟ ವಿಶೇಷ ಸೌಲಭ್ಯವಾಗಿತ್ತು. 2026ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಕಲಮುಗಳ ಅಂಕಿ ಬದಲಾಗಿವೆ, ಸವಕಳಿಯ ಮೂಲತತ್ವ ಬದಲಾಗಿಲ್ಲ.

ಹಬ್ಬದ ಖರೀದಿಗೂ ಇದಕ್ಕೂ ಒಂದು ಸಂಬಂಧವಿದೆ. ಆಸ್ತಿಯನ್ನು ಆ ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅರ್ಧ ಸವಕಳಿ ಮಾತ್ರ. ಸಾಮಾನ್ಯ ವರ್ಷಗಳಲ್ಲಿ ಅಕ್ಟೋಬರ್ 3ರೊಳಗೆ ಗಾಡಿ ಬಳಕೆಗೆ ಬಂದಿರಬೇಕು. ಆಯುಧಪೂಜೆ ಕೆಲವು ವರ್ಷ ಈ ಗಡಿಯ ಒಳಗೆ ಬೀಳುತ್ತದೆ, ದೀಪಾವಳಿ ಬೀಳುವುದಿಲ್ಲ. ವಿಮೆಯನ್ನು ಬಿಟ್ಟು 9,40,000 ರೂಪಾಯಿಯನ್ನು ಆಸ್ತಿಯಾಗಿ ತೋರಿಸಿದರೆ, ಪಾಡ್ಯಕ್ಕೆ ತಂದ ಕಾರಿಗೆ ಮೊದಲ ವರ್ಷದ ಸವಕಳಿ 70,500. ಶೇ. 30ರ ತೆರಿಗೆ ಹಂತದಲ್ಲಿರುವವರಿಗೂ ಉಳಿತಾಯ 21,150 ರೂಪಾಯಿ ಮತ್ತು ಅದರ ಮೇಲಿನ ಉಪಕರವಷ್ಟೇ. ಅದೇ ಅವಧಿಯಲ್ಲಿ ಕಾರಿನ ಮೌಲ್ಯ ಎರಡು ಲಕ್ಷಕ್ಕೂ ಮಿಕ್ಕಿ ಇಳಿದಿರುತ್ತದೆ. ಕಾರನ್ನು ಮನೆಬಳಕೆಗೂ ಉಪಯೋಗಿಸುತ್ತಿದ್ದರೆ ಆ ಪ್ರಮಾಣದ ಸವಕಳಿಯನ್ನು ಅಧಿಕಾರಿಗಳು ತೆಗೆದುಹಾಕಬಹುದು. ಒಂದೇ ದಿನ ಒಬ್ಬರಿಗೆ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟಿದ್ದರೆ ಆ ಮೊತ್ತ ಆಸ್ತಿಯ ಬೆಲೆಯಲ್ಲಿ ಸೇರುವುದೇ ಇಲ್ಲ. ಮುಂಗಡವನ್ನು ನೋಟಿನಲ್ಲಿ ಕೊಡುವವರು ಇದನ್ನು ಮರೆಯಬಾರದು.

ಜಿಎಸ್‌ಟಿಯ ಕಡೆಯಿಂದಲೂ ಕಾರಿಗೆ ನೆರವಿಲ್ಲ. ಚಾಲಕನೂ ಸೇರಿ 13 ಆಸನದವರೆಗಿನ ಪ್ರಯಾಣಿಕ ವಾಹನಕ್ಕೆ ಸಾಮಾನ್ಯ ವರ್ತಕರು ಇನ್‌ಪುಟ್ ತೆರಿಗೆ ಜಮೆ ಪಡೆಯುವಂತಿಲ್ಲ. ಸರಕು ಸಾಗಣೆಯ ವಾಹನಕ್ಕೆ ಈ ನಿರ್ಬಂಧವಿಲ್ಲ. ಸಿಮೆಂಟ್ ಇಟ್ಟಿಗೆ ಮಾಡುವ ಸಣ್ಣ ಉದ್ದಿಮೆದಾರರೊಬ್ಬರು ತೆರಿಗೆಗೆ ಮುನ್ನ 8,00,000 ಬೆಲೆಯ ಪಿಕಪ್ ಕೊಂಡರೆ ಶೇ. 18ರಂತೆ ಕೊಟ್ಟ 1,44,000 ರೂಪಾಯಿ ಅವರ ಖಾತೆಗೆ ಜಮೆಯಾಗುತ್ತದೆ. ಆ ಮೊತ್ತದ ಮೇಲೆ ಸವಕಳಿಯನ್ನೂ ಕೇಳುವಂತಿಲ್ಲ, ಅಷ್ಟೇ. ಆದರೆ ಮೆಕ್ಕೆಜೋಳದಂಥ ತೆರಿಗೆಮುಕ್ತ ಸರಕನ್ನಷ್ಟೇ ಮಾರುವವರಿಗೆ ಈ ಜಮೆ ದಕ್ಕದು.

ಮಾರುವಾಗಿನ ಒಂದು ಸೂಕ್ಷ್ಮವನ್ನೂ ಹೇಳಬೇಕು. ಸವಕಳಿ ಪಡೆದ ಹಳೆಯ ಕಾರನ್ನು ಜಿಎಸ್‌ಟಿ ನೋಂದಾಯಿತ ವರ್ತಕರು ಮಾರಿದಾಗ, ಮಾರಿದ ಬೆಲೆಯಿಂದ ಪುಸ್ತಕದ ಮೌಲ್ಯ ಕಳೆದು ಉಳಿದ ಅಂತರದ ಮೇಲೆ ತೆರಿಗೆ ಬರುತ್ತದೆ. 2025ರ ಜನವರಿ 16ರಿಂದ ಇದರ ದರ ಎಲ್ಲ ಕಾರುಗಳಿಗೂ ಶೇ. 18. ಮೂರು ವರ್ಷದ ಕಾರಿನ ಪುಸ್ತಕ ಮೌಲ್ಯ 6,28,000 ಇದ್ದು 5,20,000ಕ್ಕೆ ಮಾರಿದರೆ ಅಂತರ ಋಣವಾಗಿರುವುದರಿಂದ ತೆರಿಗೆಯಿಲ್ಲ. ಹನ್ನೊಂದು ವರ್ಷ ಸವಕಳಿ ತೆಗೆದು 87,000ಕ್ಕೆ ಇಳಿದ ಕಾರು 2,00,000ಕ್ಕೆ ಹೋದರೆ 1,13,000ದ ಮೇಲೆ 20,340 ರೂಪಾಯಿ ಕಟ್ಟಬೇಕು. ಹಳೆಯ ಗಾಡಿ ಮಾರಿದ್ದನ್ನು ಲೆಕ್ಕ ಬರೆಯುವವರಿಗೆ ತಿಳಿಸದೆ ಬಿಡುವ ಸದಸ್ಯರು ನಮ್ಮಲ್ಲಿ ಕಡಿಮೆಯೇನಿಲ್ಲ. ಸಾರಿಗೆ ಕಚೇರಿಯ ದಾಖಲೆಯಲ್ಲಿ ವರ್ಗಾವಣೆ ಕಾಣುತ್ತದೆಂಬುದು ನೆನಪಿರಲಿ.

ಕಿಲೋಮೀಟರಿನ ಲೆಕ್ಕ

ಕಾರಿನ ಖರ್ಚೆಂದರೆ ಪೆಟ್ರೋಲು ಎಂದೇ ಎಲ್ಲರೂ ಭಾವಿಸುತ್ತಾರೆ. 9,75,000 ಕೊಟ್ಟ ಕಾರು ಐದು ವರ್ಷದ ನಂತರ ನಾಲ್ಕು ಲಕ್ಷ ತಂದುಕೊಟ್ಟಿತೆನ್ನೋಣ. ಕಳೆದದ್ದು 5,75,000, ವರ್ಷಕ್ಕೆ 1,15,000. ಅರಸೀಕೆರೆಯಿಂದ ದಾವಣಗೆರೆ, ಹರಪನಹಳ್ಳಿ, ಆಗೊಮ್ಮೆ ಈಗೊಮ್ಮೆ ಬೆಂಗಳೂರು ಎಂದು ವರ್ಷಕ್ಕೆ 10,000 ಕಿ.ಮೀ. ಓಡಿಸುವವರಿಗೆ ಕಿ.ಮೀ.ಗೆ ಹನ್ನೊಂದೂವರೆ ರೂಪಾಯಿ. ಲೀಟರಿಗೆ 18 ಕಿ.ಮೀ. ಓಡುವ ಕಾರಿಗೆ ಪೆಟ್ರೋಲಿನ ಖರ್ಚು ಕಿ.ಮೀ.ಗೆ ಆರು ರೂಪಾಯಿಯ ಆಸುಪಾಸು. ಅಂದರೆ ಪಂಪಿನಲ್ಲಿ ಕೊಡುವ ಹಣದ ಸುಮಾರು ಎರಡು ಪಟ್ಟು ಕಣ್ಣಿಗೆ ಕಾಣದೆ ಹೋಗುತ್ತಿರುತ್ತದೆ. ಮೂರೇ ವರ್ಷಕ್ಕೆ 4,80,000ಕ್ಕೆ ಮಾರಿದರೆ ವರ್ಷದ ಇಳಿಕೆ 1,65,000ಕ್ಕೆ ಏರುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಗಾಡಿ ಬದಲಿಸುವ ಗೆಳೆಯರು ಈ ಅಂಕಿಯನ್ನು ಒಮ್ಮೆ ನೋಡಲಿ.

ಇದೇ ಕಾರನ್ನು ಮೂರು ವರ್ಷದ ಹಳೆಯದಾಗಿ 5,20,000ಕ್ಕೆ ಕೊಂಡು, ಐದು ವರ್ಷ ಓಡಿಸಿ 2,70,000ಕ್ಕೆ ಮಾರಿದರೆ ವರ್ಷಕ್ಕೆ ಇಳಿಕೆ 50,000. ರಿಪೇರಿಗೆ ಇಪ್ಪತ್ತು ಸಾವಿರ ಹೆಚ್ಚು ಹಿಡಿದರೂ ಅಂತರ ದೊಡ್ಡದೇ. ಜೀವಿತಾವಧಿ ತೆರಿಗೆಯನ್ನು ಮೊದಲ ಮಾಲೀಕರೇ ಕಟ್ಟಿರುವುದರಿಂದ ರಾಜ್ಯದೊಳಗೆ ಅದನ್ನು ಮತ್ತೆ ಕಟ್ಟಬೇಕಾಗಿಲ್ಲ. ನೆರೆಯ ಆಂಧ್ರದ ನಂಬರಿನ ಗಾಡಿ ಅಗ್ಗವೆಂದು ಕಂಡರೆ, ಇಲ್ಲಿ ಮರುನೋಂದಣಿ ಮಾಡಿಸುವಾಗ ಬೀಳುವ ತೆರಿಗೆಯನ್ನು ಕೂಡಿಸಿಯೇ ಬೆಲೆ ಮಾತನಾಡಬೇಕು. ವರ್ಷಾಂತ್ಯದ ರಿಯಾಯಿತಿಗೆ ಡಿಸೆಂಬರಿನಲ್ಲಿ ಹೊಸ ಕಾರು ಕೊಳ್ಳುವವರೂ ತಯಾರಿಕೆಯ ತಿಂಗಳನ್ನು ನೋಡಬೇಕು. ಮುಂದೆ ಮಾರುವಾಗ ಪೇಟೆ ಕೇಳುವುದು ತಯಾರಾದ ವರ್ಷವನ್ನು.

ಆ ಪಾಡ್ಯಕ್ಕೆ ನಮ್ಮ ಕಕ್ಷಿದಾರರು ಹಳೆಯ ಕಾರಿಗೇ ಪೂಜೆ ಮಾಡಿದರು. 1,75,000 ರೂಪಾಯಿ ಕಬ್ಬಿಣದ ದಾಸ್ತಾನಿಗೆ ಹೋಯಿತು. ಆ ಕಾರು 2014ರದು, ಹರಪನಹಳ್ಳಿ ಇನ್ನೂ ದಾವಣಗೆರೆ ಜಿಲ್ಲೆಯಲ್ಲಿದ್ದಾಗ ನೋಂದಣಿಯಾದ ಕೆಎ-17 ಗಾಡಿ. 2018ರಲ್ಲಿ ತಾಲ್ಲೂಕು ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ ಮೇಲೆ ಅವರ ತಮ್ಮ ಕೊಂಡ ಗಾಡಿಗೆ ಹೊಸಪೇಟೆಯ ಕೆಎ-35. 2029ರಲ್ಲಿ ಹಳೆಯ ಕಾರಿಗೆ ಹದಿನೈದು ವರ್ಷ ತುಂಬುತ್ತದೆ. ನೋಂದಣಿ ನವೀಕರಣದ ಶುಲ್ಕವನ್ನು 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿಸಿರುವುದನ್ನು ಅವರಿಗೆ ತಿಳಿಸಿದ್ದೇನೆ. ಅದರೊಳಗೆ ಮಾರುವುದಾದರೆ ನಮೂನೆ 29 ಮತ್ತು 30ಕ್ಕೆ ಸಹಿ ಮಾಡಿ, ಹೆಸರು ವರ್ಗಾವಣೆಯಾದ ದಾಖಲೆ ಕೈಗೆ ಬರುವವರೆಗೆ ಬೆನ್ನು ಹತ್ತಬೇಕು. ವರ್ಷಾನುಗಟ್ಟಲೆ ಕ್ಲೇಮು ಮಾಡದೆ ಗಳಿಸಿರುವ ಶೇ. 50ರ ನೋ ಕ್ಲೇಮ್ ಬೋನಸ್ ಕಾರಿಗೆ ಸೇರಿದ್ದಲ್ಲ, ಮಾಲೀಕರಿಗೆ ಸೇರಿದ್ದು. ಮಾರುವಾಗ ವಿಮಾ ಕಂಪನಿಯಿಂದ ಅದರ ಪತ್ರ ಪಡೆದಿಟ್ಟುಕೊಂಡರೆ ಮೂರು ವರ್ಷದೊಳಗೆ ಕೊಳ್ಳುವ ಮುಂದಿನ ಕಾರಿನ ಸ್ವಂತ ಹಾನಿ ಕಂತಿನಲ್ಲಿ ಅರ್ಧ ಕಡಿಮೆಯಾಗುತ್ತದೆ.